ನನ್ನ 1982ರ ಮರ್ಸಿಡಿಸ್‌ಗೆ ಬಿಸಿ ಸೀಟು ಕೂರಿಸಿದ ಕಥೆ

ಅಪ್ಪ ತಿಪಟೂರಿನಿಂದ ಮೊದಲ ಸಲ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದದ್ದು ಡಿಸೆಂಬರಿನಲ್ಲಿ. ವಿಮಾನ ನಿಲ್ದಾಣಕ್ಕೆ ನನ್ನ ಹಳೇ ಮರ್ಸಿಡಿಸ್ 240 ಡಿ ತಗೊಂಡು ಹೋಗಿದ್ದೆ. ಕಾರು ಎರಡು ಗಂಟೆ ಹೊರಗೆ ನಿಂತಿತ್ತು. ಅಪ್ಪ ಮುಂದಿನ ಸೀಟಿನಲ್ಲಿ ಕೂತವರು ಹಾಗೇ ಅರ್ಧ ಎದ್ದರು. "ಏನೋ ಇದು, ಮಂಜಲ್ಲಿ ಕಲ್ಲು ಬೆಂಚಿನ ಮೇಲೆ ಕೂತಂಗಾಯ್ತಲ್ಲೋ" ಅಂದರು. ಮನೆ ತಲುಪುವವರೆಗೂ ಶಾಲನ್ನು ಕೆಳಗೆ ಹಾಸಿಕೊಂಡೇ ಕೂತಿದ್ದರು.

ಈ ಕಾರು ನನಗೆ ತುಂಬಾ ಇಷ್ಟ. ಡಬ್ಲ್ಯೂ 123 ಎಂದು ಕರೆಯುವ ಮಾದರಿ. 1976ರಿಂದ ಸುಮಾರು ಹತ್ತು ವರ್ಷ ತಯಾರಾಯಿತು, ಒಟ್ಟು 27 ಲಕ್ಷದಷ್ಟು. ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್, 72 ಕುದುರೆಶಕ್ತಿ. ಓಡೋಕೆ ಅವಸರವಿಲ್ಲ, ಬಿಸಿಯಾಗೋಕಂತೂ ಇಲ್ಲವೇ ಇಲ್ಲ. ಚಳಿಗಾಲದಲ್ಲಿ ಹೀಟರಿನಿಂದ ಬೆಚ್ಚಗಿನ ಗಾಳಿ ಬರುವಷ್ಟರಲ್ಲಿ ನಾನು ಆಫೀಸಿಗೆ ಅರ್ಧ ದಾರಿ ಬಂದಿರುತ್ತೇನೆ. ಸೀಟಿನ ಹೊದಿಕೆ ಎಂಬಿ-ಟೆಕ್ಸ್, ನಮ್ಮ ಮಾತಿನಲ್ಲಿ ಗಟ್ಟಿ ರೆಕ್ಸಿನ್. ನಲವತ್ತು ವರ್ಷ ಕಳೆದರೂ ಹರಿದಿಲ್ಲ. ಆದರೆ ಸೊನ್ನೆ ಡಿಗ್ರಿಯಲ್ಲಿ ಅದು ನಿಜವಾಗಿಯೂ ಕಲ್ಲೇ.

ಸಿಗರೇಟ್ ಲೈಟರಿಗೆ ಸಿಕ್ಕಿಸುವ ಬಿಸಿ ಕವರ್ ಸಿಗುತ್ತಲ್ಲ, ಅದನ್ನೇ ಹಾಸಬಹುದಿತ್ತು. ಒಂದು ವಾರ ಹಾಸಿಯೂ ನೋಡಿದೆ. ತಿರುವಿನಲ್ಲಿ ಜಾರುತ್ತದೆ, ವೈರು ಗೇರಿನ ಕೋಲಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಆ ಕಾಲದ ಕಾರಿನ ಒಳಗೆ ಅದು ಕಣ್ಣಿಗೆ ಚುಚ್ಚುತ್ತದೆ. ಬಿಸಿ ಸೀಟು ಆಗಲೂ ಹೊಸದೇನಲ್ಲ. ಅಮೆರಿಕದ ಕ್ಯಾಡಿಲಾಕ್ 1966ರಲ್ಲೇ ಐಚ್ಛಿಕವಾಗಿ ಕೊಡುತ್ತಿತ್ತು. ಸ್ವೀಡನ್ನಿನ ಸಾಬ್ 1972ರ ಮಾದರಿಗಳಲ್ಲಿ ಡ್ರೈವರ್ ಸೀಟಿಗೆ ಹಾಕಿಯೇ ಮಾರಿತು. ನನ್ನ ಮಾದರಿಯ ಮರ್ಸಿಡಿಸ್‌ಗೂ ಹೆಚ್ಚಿನ ದುಡ್ಡು ಕೊಟ್ಟರೆ ಸಿಗುತ್ತಿತ್ತು, ಅದರ ಸಂಕೇತ ಸಂಖ್ಯೆ 873. ನನ್ನ ಕಾರನ್ನು ಮೊದಲು ಕೊಂಡವರು ಅದಕ್ಕೆ ಟಿಕ್ ಹಾಕಿರಲಿಲ್ಲ, ಅಷ್ಟೇ. ಅವರು ಬಿಟ್ಟದ್ದನ್ನು ನಾನು ಹಾಕೋಣ, ಆದರೆ ಅಂದು ಕಾರ್ಖಾನೆಯಲ್ಲೇ ಹಾಕಿದ ಹಾಗೆ ಇರಬೇಕು ಎಂದು ತೀರ್ಮಾನಿಸಿದೆ.

ಇದಕ್ಕೆ ಕಾನೂನಿನ ಕಾರಣವೂ ಉಂಟು. ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಕಾರಿಗೆ ನಂಬರಿನ ಕೊನೆಯಲ್ಲಿ ಎಚ್ ಅಕ್ಷರ ಸಿಗುತ್ತದೆ. ತೆರಿಗೆ ವರ್ಷಕ್ಕೆ ಸುಮಾರು 191 ಯೂರೋ, ಎಂಜಿನ್ ಎಷ್ಟೇ ದೊಡ್ಡದಿರಲಿ. ಹಳೇ ಡೀಸೆಲ್‌ಗೆ ಬಾಗಿಲು ಮುಚ್ಚಿರುವ ಪರಿಸರ ವಲಯಗಳಿಗೂ ಹೋಗಬಹುದು. ಮನಸ್ಸಿಗೆ ಬಂದ ಹಾಗೆ ಬದಲಾವಣೆ ಮಾಡಿದರೆ ಆ ಅಕ್ಷರ ಹೋಗುತ್ತದೆ. ಕಾರಿನ ಕಾಲದಲ್ಲೇ ಆಗಬಹುದಾಗಿದ್ದ ಬದಲಾವಣೆಗೆ ಮಾತ್ರ ತಕರಾರಿಲ್ಲ.

ಅಕ್ಟೋಬರಿನಲ್ಲಿ ಮನ್‌ಹೈಮ್‌ನಲ್ಲಿ ವೆಟೆರಾಮ ಎಂಬ ಹಳೇ ವಾಹನಗಳ ಬಿಡಿಭಾಗದ ಸಂತೆ ನಡೆಯುತ್ತದೆ. ಸಂತೆ ಅಂದರೆ ಸಂತೆಯೇ. ನೆಲದ ಮೇಲೆ ಟಾರ್ಪಾಲು ಹಾಸಿ ಕಾರ್ಬುರೇಟರು, ಮೀಟರು, ಹಿಡಿಕೆ ಸುರಿದಿರುತ್ತಾರೆ. ಕೆಸರಲ್ಲಿ ಮೂರು ಗಂಟೆ ತಿರುಗಿ ಆ ಕಾಲದ ಮರ್ಸಿಡಿಸ್‌ನ ಎರಡು ಸೀಟ್ ಸ್ವಿಚ್ ಹುಡುಕಿದೆ. ಒತ್ತಿದರೆ ಟಪ್ ಎಂದು ಕೂರುವ ಸ್ವಿಚ್, ಎರಡು ಹಂತದ್ದು. ಬಿಸಿ ಕೊಡುವ ಪ್ಯಾಡುಗಳನ್ನು ಮಾತ್ರ ಹೊಸದೇ ತಗೊಂಡೆ, ಕಾರ್ಬನ್ ನಾರಿನವು. ಹಳೇ ಕಾರಿನಿಂದ ಬಿಚ್ಚಿದ ತಂತಿ ಪ್ಯಾಡನ್ನು ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಒಳಗೆ ತಂತಿ ಎಲ್ಲಿ ಮುರಿದಿದೆಯೋ ಕಣ್ಣಿಗೆ ಕಾಣುವುದಿಲ್ಲ. ಮುರಿದ ಕಡೆ ಕಿಡಿ ಹಾರಿದರೆ ನಾವು ಕೂತಿರುವುದೇ ಅದರ ಮೇಲೆ.

ಸೀಟು ಬಿಚ್ಚುವುದು ಕಷ್ಟವಲ್ಲ. ಆ ಕಾಲದ ಕಾರುಗಳ ಸೀಟಿನ ಒಳಗೆ ಏರ್‌ಬ್ಯಾಗ್ ಇಲ್ಲ, ಕೂತವರ ತೂಕ ನೋಡುವ ಸೆನ್ಸರ್ ಇಲ್ಲ. ಹೊಸ ಕಾರಿನಲ್ಲಿ ಇವೆರಡೂ ಇರುತ್ತವೆ, ಅದರಲ್ಲಿ ಈ ಕೆಲಸವನ್ನು ನೀವೇ ಮಾಡಬೇಡಿ. ನಮ್ಮ ಬೀದಿಯಲ್ಲಿ ಸೀಟು ಹೊಲಿಯುವ ಕೆಲಸದಿಂದ ನಿವೃತ್ತರಾದ ಅಜ್ಜ ಒಬ್ಬರಿದ್ದಾರೆ. ಅವರು ಮೊದಲು ಹೇಳಿದ್ದು: ಏನೂ ಬಿಚ್ಚುವ ಮುಂಚೆ ಫೋಟೋ ತೆಗಿ, ಪ್ರತಿ ಉಂಗುರವನ್ನೂ ಎಣಿಸು. ಹೊದಿಕೆಯ ಹೊಲಿಗೆಯ ಒಳಗೆ ಒಂದು ತಂತಿ ಓಡುತ್ತದೆ. ಅದನ್ನು ಸಣ್ಣ ಉಕ್ಕಿನ ಉಂಗುರಗಳಿಂದ ಕೆಳಕ್ಕೆ ಎಳೆದು ಕಟ್ಟಿರುತ್ತಾರೆ. ಸೀಟಿನ ಮೇಲಿನ ಗೀರುಗಳ ಆಳ ಆ ಎಳೆತದಿಂದಲೇ ಬರುವುದು.

ಹೊದಿಕೆ ತೆಗೆದಾಗ ಒಳಗಿದ್ದುದು ಸ್ಪಂಜಲ್ಲ. ಸ್ಪ್ರಿಂಗಿನ ಮೇಲೆ ಕಂದು ಬಣ್ಣದ ಒರಟು ಗಾದಿ. ಇಲ್ಲಿಯವರು ಕುದುರೆ ಕೂದಲು ಎನ್ನುತ್ತಾರೆ. ಹತ್ತಿರ ಹಿಡಿದು ನೋಡಿದರೆ ರಬ್ಬರ್ ಹಾಲಿನಲ್ಲಿ ಅದ್ದಿ ಒತ್ತಿದ ನಾರು, ಅದರ ನಡುವೆ ಕೂದಲು. ಅಪ್ಪ ಆಗ ಊರಿಗೆ ವಾಪಸ್ ಹೋಗಿದ್ದರು. ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಮಗಾ, ಅದು ನಮ್ ತೆಂಗಿನ ನಾರಲ್ವೇನೋ?"

"ಹೌದಪ್ಪಾ, ನಂಗೂ ಹಂಗೇ ಕಾಣ್ತಿದೆ."

"ಪುಡಿ ಉದುರ್ತಿದ್ಯಾ ನೋಡು. ಉದುರದಿದ್ರೆ ಬಿಸಾಕ್ಬೇಡ, ಇನ್ನೂ ಬಾಳಿಕೆ ಬರ್ತದೆ."

ಐವತ್ತು ವರ್ಷ ತೆಂಗಿನ ತೋಟ ನೋಡಿದ ಕೈ ಅದು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಸೀಟುಗಳಲ್ಲೂ ತೆಂಗಿನ ನಾರೇ ತುಂಬುತ್ತಿದ್ದರು ಎಂದು ಹೇಳಿದಾಗ ಅವರಿಗಾದ ಖುಷಿಯನ್ನು ನಾನು ಮರೆಯುವುದಿಲ್ಲ. ಡ್ರೈವರ್ ಸೀಟಿನ ಗಾದಿ ಒಂದು ಅಂಚಿನಲ್ಲಿ ಪುಡಿಯಾಗಿತ್ತು, ಆ ತುಂಡನ್ನು ಮಾತ್ರ ಬದಲಿಸಿದೆ. ಈ ಕೆಲಸಕ್ಕೆ ಮೂಗಿಗೆ ಮಾಸ್ಕ್ ಬೇಕೇ ಬೇಕು. ಗಾದಿಯ ದೂಳು ಗಂಟಲಿಗೆ ಹೋದರೆ ಎರಡು ದಿನ ಕೆಮ್ಮು.

ಪ್ಯಾಡಿನ ಹಿಂದೆ ಅಂಟು ಇರುತ್ತದೆ, ಆದರೆ ಅದು ನಾರಿಗೆ ಹಿಡಿಯುವುದಿಲ್ಲ. ಹಾಗಾಗಿ ಗಾದಿಯ ಮೇಲೆ ತೆಳ್ಳಗಿನ ದಟ್ಟ ಬಟ್ಟೆ ಹೊಲಿದು, ಅದರ ಮೇಲೆ ಪ್ಯಾಡ್ ಅಂಟಿಸಿ, ಅಂಚಿಗೆ ಸುತ್ತ ಟಾಕು ಹಾಕಿದೆ. ಉಂಗುರಗಳು ಇಳಿಯುವ ಗೀರಿನ ಮೇಲೆ ಪ್ಯಾಡ್ ಬರಬಾರದು. ಬಂದರೆ ತಂತಿ ಅದನ್ನು ದಿನಾ ಉಜ್ಜುತ್ತದೆ.

ಈಗ ಕರೆಂಟಿನ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಎಡವಿದೆ. ಒಂದು ಸೀಟಿಗೆ ಎರಡು ಪ್ಯಾಡ್: ಕೂರುವಲ್ಲಿ ಒಂದು, ಬೆನ್ನಿಗೆ ಒಂದು. ಮೀಟರ್ ಹಿಡಿದರೆ ಒಂದೊಂದೂ 5 ಓಮ್ ರೋಧ ತೋರಿಸಿತು. ಎಂಜಿನ್ ಓಡುವಾಗ ಸೀಟಿನವರೆಗೆ ತಲುಪುವುದು ಸುಮಾರು 13.5 ವೋಲ್ಟ್. ಎರಡನ್ನೂ ಅಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಕೊಟ್ಟರೆ 5.4 ಆಂಪಿಯರ್, ಹೆಚ್ಚುಕಡಿಮೆ 73 ವಾಟ್. ಒಂದರ ಹಿಂದೆ ಒಂದು, ಅಂದರೆ ಸೀರೀಸ್‌ನಲ್ಲಿ ಕೊಟ್ಟರೆ 1.35 ಆಂಪಿಯರ್, 18 ವಾಟ್. ಕಾಲು ಭಾಗ! ಎಲೆಕ್ಟ್ರಾನಿಕ್ ಪೆಟ್ಟಿಗೆ ಏನೂ ಬೇಡ, ಜೋಡಣೆ ಬದಲಿಸಿದರೆ ಎರಡು ಹಂತ ಸಿಕ್ಕಿಬಿಡುತ್ತದೆ. ಹಳೇ ಕಾರಿಗೆ ಹೊಂದುವ ದಾರಿ ಇದು.

ಒಂದೊಂದು ಸೀಟಿನ ಕೆಳಗೆ ಎರಡು ಸಣ್ಣ ರಿಲೇ, ಅಂದರೆ ಕರೆಂಟಿನಿಂದಲೇ ಒತ್ತಿಕೊಳ್ಳುವ ಸ್ವಿಚ್, ಇಟ್ಟೆ. ಸುಮ್ನೆ ಇದ್ದಾಗ ಮೊದಲ ರಿಲೇ ಬೆನ್ನಿನ ಪ್ಯಾಡಿನ ಕೊನೆಯನ್ನು ಕೆಳಗಿನ ಪ್ಯಾಡಿನ ಮೊದಲಿಗೆ ಸೇರಿಸುತ್ತದೆ, ಅದು ಮೊದಲ ಹಂತ. ಸ್ವಿಚ್ಚನ್ನು ಎರಡಕ್ಕೆ ಒತ್ತಿದರೆ ಅದೇ ರಿಲೇ ಬೆನ್ನಿನ ಪ್ಯಾಡನ್ನು ನೇರ ಅರ್ತಿಂಗಿಗೆ ಕೊಡುತ್ತದೆ, ಇನ್ನೊಂದು ರಿಲೇ ಕೆಳಗಿನ ಪ್ಯಾಡಿಗೆ ನೇರ ಪ್ಲಸ್ ಕೊಡುತ್ತದೆ. ಪ್ಲಸ್ ಬರುವ ದಾರಿಯಲ್ಲಿ, ಗಾದಿಯ ಒಳಗೆ, ಬಿಸಿ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಒಂದು ಥರ್ಮೋಸ್ಟಾಟ್. ಪ್ರತಿ ಸೀಟಿಗೂ ಅದೇ ಕಾಲದ ಬಿಳಿ ಪಿಂಗಾಣಿ ಫ್ಯೂಸ್, 8 ಆಂಪಿಯರಿನದು. ವೈರಿನ ಬಣ್ಣವೂ ಜರ್ಮನ್ ಪದ್ಧತಿಯಂತೆ: ಅರ್ತಿಂಗಿಗೆ ಕಂದು, ಬ್ಯಾಟರಿಯಿಂದ ನೇರ ಬರುವುದಕ್ಕೆ ಕೆಂಪು. ನಾಳೆ ಈ ಕಾರನ್ನು ಬೇರೆ ಯಾರೋ ಬಿಚ್ಚುತ್ತಾರೆ. ವೈರು ನೋಡಿದ ಕೂಡಲೇ ಅವರಿಗೆ ಅರ್ಥವಾಗಬೇಕು.

ಹೊದಿಕೆ ಹಾಕುವ ಮುಂಚೆ ಗಾದಿಯನ್ನು ಟೇಬಲ್ ಮೇಲಿಟ್ಟು 13.5 ವೋಲ್ಟ್ ಕೊಟ್ಟೆ. ಮೇಲೆ ದಪ್ಪ ಟವಲ್ ಹೊದಿಸಿ ಹತ್ತು ನಿಮಿಷ ಬಿಟ್ಟೆ. ಟವಲ್ ತೆಗೆದು ಅಂಗೈ ಇಟ್ಟು ಸವರಿದೆ. ಎಲ್ಲ ಕಡೆ ಹಿತವಾದ ಬಿಸಿ. ಹಿಂದಿನ ಎಡ ಮೂಲೆಗೆ ಬಂದಾಗ ಕೈ ತಾನಾಗೇ ಹಿಂದಕ್ಕೆ ಬಂತು. ದೂರದಿಂದ ಅಳೆಯುವ ಥರ್ಮಾಮೀಟರ್ ಹಿಡಿದೆ: ಬೇರೆಡೆ 37 ಡಿಗ್ರಿ, ಆ ಮೂಲೆಯಲ್ಲಿ 54. ಪ್ಯಾಡಿನ ಅಂಚು ಎರಡು ಬೆರಳಿನಷ್ಟು ಅಗಲ ಮಡಚಿಕೊಂಡಿತ್ತು. ಬಿಸಿಯ ಮೇಲೆ ಬಿಸಿ. ಟಾಕು ಹಾಕುವಾಗ ನನಗೆ ಕಂಡಿರಲೇ ಇಲ್ಲ.

ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗಿದೆ, ತೊಡೆಯ ಹಿಂಭಾಗದಲ್ಲೂ ಅಷ್ಟಾಗಿ ಗೊತ್ತಾಗುವುದಿಲ್ಲ. ಅಂಥವರಿಗೆ ಸೀಟು ಸುಡುತ್ತಿರುವುದು ತಿಳಿಯುವುದೇ ಇಲ್ಲ. ಎದ್ದ ಮೇಲೆ ಬೊಬ್ಬೆ ಕಂಡಾಗಲೇ ತಿಳಿಯುವುದು. ಆ ಮೂಲೆಯ ಮೇಲೆ ಹೊದಿಕೆ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಾಲ್ಕೂ ಪ್ಯಾಡುಗಳ ಟಾಕು ಬಿಚ್ಚಿ, ಅಂಚುಗಳನ್ನು ಚಪ್ಪಟೆ ಮಾಡಿ ಮತ್ತೆ ಹೊಲಿದೆ. ಮತ್ತೆ ಟವಲ್, ಮತ್ತೆ ಹತ್ತು ನಿಮಿಷ, ಮತ್ತೆ ಅಂಗೈ. ಹೆಂಡತಿಯ ಕೈಯಲ್ಲೂ ಮುಟ್ಟಿಸಿ ನೋಡಿದೆ. ಅಪ್ಪ ಕೂರುವ ಸೀಟಿಗೆ ಎರಡನೇ ಹಂತವೇ ಬೇಡ ಎಂದು ಆ ಸೀಟಿನ ಎರಡೂ ರಿಲೇ ಕಿತ್ತು, ಸೀರೀಸ್ ಜೋಡಣೆಯನ್ನೇ ಕಾಯಂ ಮಾಡಿದೆ. 18 ವಾಟ್ ಸಾಕು. ತಣ್ಣನೆಯ ರೆಕ್ಸಿನ್ನಿನ ಚುರುಕು ಹೋಗೋದಕ್ಕೆ ಅಷ್ಟೇ ಬೇಕಾದ್ದು.

ಹೊದಿಕೆ ವಾಪಸ್ ಹಾಕುವಾಗ ಆ ಅಜ್ಜನೇ ಬಂದು ನಿಂತರು. ಮೊದಲು ಹೊದಿಕೆಗಳನ್ನು ಮನೆಯೊಳಗೆ ರೇಡಿಯೇಟರಿನ ಪಕ್ಕ ಅರ್ಧ ದಿನ ಇಡಿಸಿದರು. ಬೆಚ್ಚಗಾದರೆ ರೆಕ್ಸಿನ್ ಮೆತ್ತಗಾಗಿ ಹಿಗ್ಗುತ್ತದೆ. ಗಾದಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಹೊದಿಕೆ ಜಾರಿಸಿದರು. ದಿಂಬಿಗೆ ಕವರ್ ಹಾಕಿದಷ್ಟು ಸಲೀಸಾಗಿ ಇಳಿಯಿತು. ಆಮೇಲೆ ಹಾಳೆಯನ್ನು ಒಂದು ತುದಿಯಿಂದ ನಿಧಾನಕ್ಕೆ ಎಳೆದು ತೆಗೆದರು. ಆ ಹಾಳೆ ಇಲ್ಲದಿದ್ದರೆ ಹೊದಿಕೆ ಪ್ಯಾಡನ್ನೂ ಎಳೆದು ಮತ್ತೆ ಮಡಚುತ್ತಿತ್ತು. ಉಂಗುರ ಬಿಗಿಯುವ ಇಕ್ಕಳವನ್ನು ಅವರು ನನಗೇ ಕೊಟ್ಟುಬಿಟ್ಟರು. ಅದರ ಹಿಡಿಯ ಮರ ಅವರ ಬೆರಳಿನ ಆಕಾರಕ್ಕೇ ಸವೆದಿದೆ.

ಮುಗಿಯಿತು ಅಂದುಕೊಂಡೆ. ಜನವರಿಯ ಒಂದು ಬೆಳಿಗ್ಗೆ, ಮೈನಸ್ ಒಂಬತ್ತು ಡಿಗ್ರಿ. ಕೀ ತಿರುಗಿಸಿ ಗ್ಲೋ ಪ್ಲಗ್ ಬಿಸಿಯಾಗಲಿ ಎಂದು ಕಾಯುತ್ತಿದ್ದೆ. ಎಂಜಿನ್ ಹೊತ್ತಲು ಒಳಗೆ ಬಿಸಿ ಕೊಡುವ ಕಡ್ಡಿ ಅದು, ಡೀಸೆಲ್‌ಗೆ ಚಳಿಯಲ್ಲಿ ಬೇಕೇ ಬೇಕು. ನಾಲ್ಕು ಪ್ಲಗ್ ಸೇರಿ ಹತ್ತಾರು ಆಂಪಿಯರ್ ಹೀರುತ್ತವೆ. ಹಿಂದಿನ ಸಂಜೆ ಸೀಟಿನ ಸ್ವಿಚ್ ಆರಿಸಿರಲಿಲ್ಲ. ಎರಡೂ ಸೀಟಿಗೆ ಕರೆಂಟು ಬಿಡುವ ಮುಖ್ಯ ರಿಲೇಯನ್ನು ನಾನು 15ನೇ ಟರ್ಮಿನಲ್‌ಗೆ ಕೊಟ್ಟಿದ್ದೆ. ಜರ್ಮನ್ ಕಾರುಗಳಲ್ಲಿ ಕೀ ತಿರುಗಿಸಿದರೆ ಬರುವ ಕರೆಂಟು ಅದು. ಹಾಗಾಗಿ ಎಂಜಿನ್ ಶುರುವಾಗುವ ಮುಂಚೆಯೇ ಸೀಟುಗಳೂ ಹೀರತೊಡಗಿದವು. ಮೊದಲೇ ದಣಿದಿದ್ದ ಬ್ಯಾಟರಿ, ಸ್ಟಾರ್ಟರ್ ಮುಲುಗಿತು, ಎರಡು ಸುತ್ತು ತಿರುಗಿ ನಿಂತಿತು. ಆಫೀಸಿಗೆ ರೈಲಿನಲ್ಲಿ ಹೋದೆ.

ಆ ವಾರಾಂತ್ಯ ರಿಲೇಯ ವೈರನ್ನು 15ರಿಂದ ಕಿತ್ತು 61ಕ್ಕೆ ಕೊಟ್ಟೆ. 61 ಅಂದರೆ ಆಲ್ಟರ್ನೇಟರಿನ, ಎಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ, ಚಾರ್ಜ್ ದೀಪದ ದಾರಿ. ಎಂಜಿನ್ ಓಡಿ ಚಾರ್ಜ್ ಶುರುವಾದ ಮೇಲೆ ಮಾತ್ರ ಅಲ್ಲಿ ಪೂರ್ತಿ ವೋಲ್ಟೇಜ್ ಬರುತ್ತದೆ. ಈಗ ಸ್ವಿಚ್ ಒತ್ತಿಯೇ ಇದ್ದರೂ ಎಂಜಿನ್ ಹೊತ್ತುವವರೆಗೆ ಸೀಟು ಒಂದು ಹನಿ ಕರೆಂಟೂ ಮುಟ್ಟುವುದಿಲ್ಲ. ಹಳೇ ಡೀಸೆಲ್ ಇಟ್ಟುಕೊಂಡವರು ಮೊದಲ ದಿನವೇ ಹೀಗೆ ಮಾಡಿ. ಸೀಟು ಕಾಯಬಹುದು. ಸ್ಟಾರ್ಟರ್ ಕಾಯುವುದಿಲ್ಲ.

ವಸಂತದ ತಪಾಸಣೆಯಲ್ಲಿ ಇನ್ಸ್‌ಪೆಕ್ಟರಿಗೆ ನಾನೇ ಹೇಳಿದೆ, ಇದು ಕಾರ್ಖಾನೆಯದಲ್ಲ, ನಾನು ಹಾಕಿದ್ದು ಅಂತ. ಆ ಕಾಲದ ಐಚ್ಛಿಕ ಸಾಮಾನುಗಳ ಪಟ್ಟಿ, ನನ್ನ ಫೋಟೋಗಳು, ವೈರಿಂಗ್ ನಕ್ಷೆ ಎಲ್ಲ ತೋರಿಸಿದೆ. ಬಗ್ಗಿ ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದರು, ಎರಡೂ ಸ್ವಿಚ್ ಒತ್ತಿ ನೋಡಿದರು. ಎಚ್ ಅಕ್ಷರ ಉಳಿಯಿತು.

ಅಪ್ಪ ಹೋದ ಡಿಸೆಂಬರಿನಲ್ಲಿ ಮತ್ತೆ ಬಂದರು. ನಾನು ಏನೂ ಹೇಳಲಿಲ್ಲ. ಹೊರಟು ಐದು ನಿಮಿಷವಾಗಿರಬೇಕು. ಕೆಳಗೆ ಹಾಸಿಕೊಂಡಿದ್ದ ಶಾಲನ್ನು ಎಳೆದು ಮಡಚಿ ಮಡಿಲಲ್ಲಿಟ್ಟುಕೊಂಡರು. ಸೀಟನ್ನು ಅಂಗೈಯಲ್ಲಿ ಸವರಿದರು. "ಒಳಗೆ ಅದೇ ನಾರಾ?" ಎಂದು ಕೇಳಿದರು. ಅದೇ ಎಂದೆ. ಊರಿನ ತೋಟದ ವಿಷಯ ಮಾತಾಡುತ್ತಾ ಮನೆ ತಲುಪಿದೆವು.

ಒಂದು ಕೆಲಸ ಬಾಕಿ ಇದೆ. ಅಪ್ಪನ ಕಡೆಯ ಸ್ವಿಚ್ಚಿನ ಒಳಗಿನ ಪುಟ್ಟ ಬಲ್ಬ್ ಉರಿಯುತ್ತಿಲ್ಲ. ಅದನ್ನು ಹುಡುಕೋಕೆ ಈ ಅಕ್ಟೋಬರಿನಲ್ಲಿ ಮತ್ತೆ ಮನ್‌ಹೈಮ್ ಸಂತೆಗೆ ಹೋಗಬೇಕು.