ಪ್ರತಿ ಪುಟದಲ್ಲೂ ಹೆಸರು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತೇನೆ, ಟಿಪ್ಪಣಿಗಳನ್ನು ಪಿಡಿಎಫ್ ಮಾಡಿ ಮಾರುತ್ತೇನೆ. ಕಳೆದ ಬೇಸಿಗೆಯಲ್ಲಿ ಜೆರಾಕ್ಸ್ ಅಂಗಡಿಯೊಂದರ ಮೇಜಿನ ಮೇಲೆ ನನ್ನ ಸಮಾಸದ ಅಧ್ಯಾಯ ಸ್ಪೈರಲ್ ಬೈಂಡ್ ಆಗಿ ಕುಳಿತಿತ್ತು. ‘ಅರಿಸಮಾಸ’ದ ಪುಟದಲ್ಲಿ ನಾನು ಮಾಡಿದ್ದ ಅಚ್ಚಿನ ತಪ್ಪೂ ಹಾಗೆಯೇ ಇತ್ತು. ಮೊಬೈಲ್ ಗುಂಪುಗಳಲ್ಲಂತೂ ಪುಕ್ಕಟೆ.

ಮೊದಲು ಪಾಸ್‌ವರ್ಡ್ ಹಾಕಿದೆ. ಫೈಲಿನ ಜೊತೆ ಪಾಸ್‌ವರ್ಡೂ ಊರು ಸುತ್ತಿತು. ಮುದ್ರಣ ತಡೆಯುವ ಬೀಗವೂ ಹೆಸರಿಗಷ್ಟೇ. ಅದನ್ನು ಪಾಲಿಸುವುದು ಬಿಡುವುದು ಫೈಲ್ ತೆರೆಯುವ ತಂತ್ರಾಂಶದ ಮರ್ಜಿ.

ಕೊನೆಗೆ ಕೈಹಿಡಿದದ್ದು ವಾಟರ್‌ಮಾರ್ಕ್. ಪ್ರತಿಯೊಬ್ಬರಿಗೂ ಬೇರೆ ಪ್ರತಿ: ಹೆಸರು, ಮೊಬೈಲಿನ ಕೊನೆಯ 4 ಅಂಕಿ, ತಿಳಿ ಬೂದುಬಣ್ಣದಲ್ಲಿ ಪುಟದ ನಡುವೆ ಓರೆಯಾಗಿ. ಅಂಚಿನಲ್ಲಿ ಹಾಕಿದ್ದನ್ನು ಜೆರಾಕ್ಸ್ ಮಾಡುವಾಗ ಕಾಗದ ಇಟ್ಟು ಮುಚ್ಚಿಬಿಡುತ್ತಾರೆ. ಅಕ್ಷರವಾಗಿಯೇ ಬಿಟ್ಟರೆ ಅಳಿಸುವುದು ಸುಲಭ, ಹಾಗಾಗಿ ಇಡೀ ಪುಟವನ್ನೇ 150 ಡಿಪಿಐ (ಇಂಚಿಗೆ 150 ಚುಕ್ಕೆ) ಚಿತ್ರವಾಗಿಸಿದೆ. ಫೈಲ್ ಊದಿಕೊಂಡಿತು, ಪದ ಹುಡುಕುವ ಅನುಕೂಲ ಹೋಯಿತು. ಅದಕ್ಕೆ ಹುಡುಗರಿಂದ ಬೈಸಿಕೊಂಡದ್ದೂ ಆಯಿತು. ಅಷ್ಟೂ ಪ್ರತಿಗಳನ್ನು ತಯಾರಿಸಲು ತಂಗಿಯ ಮಗ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟ.

ಅಂಗಡಿಯವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ಮಾತು ತೆಗೆದೆ. “ನೋಂದಣಿ ಮಾಡಿಸಿದ್ದೀರಾ?” ಎಂದರು. ನೋಂದಣಿ ಕಡ್ಡಾಯವಲ್ಲ, ಬರೆದಾಗಲೇ ಹಕ್ಕು ಬರುತ್ತದೆ ಎಂದೆ. ಮೇಜಿನ ಮೇಲಿದ್ದ ಕಟ್ಟು ಒಳಗೆ ಹೋಯಿತು.

ಮುಂದಿನ ತಂಡದಲ್ಲಿ ಒಂದೇ ಪ್ರತಿ ಹೊರಬಿತ್ತು. ಅದರ ಮೇಲಿದ್ದ ಹೆಸರು ನೋಡಿ ಫೋನ್ ಮಾಡಿದೆ. “ರೂಮಿನವನಿಗೆ ಓದಲು ಕೊಟ್ಟಿದ್ದೆ ಸರ್” ಎಂದ. ರೂಮಿನವನು ಮರುವಾರ ದುಡ್ಡು ಕಟ್ಟಿ ಸೇರಿಕೊಂಡ.