ಹಣ ಕೊಡುವ ಮುನ್ನ: ವಂಚನೆಯನ್ನು ಗುರುತಿಸುವುದು ಹೇಗೆ?

ಜೇಬುಗಳ್ಳ ನಮಗೆ ಗೊತ್ತಾಗದಂತೆ ಹಣ ಎತ್ತುತ್ತಾನೆ. ವಂಚಕ ನಮ್ಮನ್ನು ಒಪ್ಪಿಸಿ, ನಮ್ಮ ಕೈಯಿಂದಲೇ ಕೊಡಿಸಿಕೊಳ್ಳುತ್ತಾನೆ. ಆದ್ದರಿಂದ ಬೀಗ, ಕ್ಯಾಮೆರಾಗಳು ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಕೊಡುವುದಕ್ಕೆ ಮುಂಚಿನ ಹೊತ್ತು ನಮ್ಮದೇ. ಆ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ನೋಡೋಣ.

ಹೆಜ್ಜೆ 1: ಅದು ವಂಚನೆಯೇ ಎಂದು ಕೇಳಿಕೊಳ್ಳಿ

ಕೊಂಡ ವಸ್ತು ಬೇಗ ಕೆಟ್ಟರೆ, ಹೂಡಿದ ಹಣ ಕರಗಿದರೆ ಅದೆಲ್ಲ ವಂಚನೆಯಲ್ಲ. ವ್ಯಾಪಾರದಲ್ಲಿ ನಷ್ಟ ಇದ್ದದ್ದೇ. ಹೇಳಿದ್ದು ಸುಳ್ಳೇ? ಸುಳ್ಳೆಂದು ಹೇಳಿದವನಿಗೆ ಗೊತ್ತಿತ್ತೇ? ಅದರಿಂದ ಲಾಭ ಹೊಡೆಯುವ ಉದ್ದೇಶವಿತ್ತೇ? ಈ ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಅನುಮಾನಕ್ಕೆ ಬಲ ಬರುತ್ತದೆ.

ಬಾಯಿಬಿಟ್ಟು ಸುಳ್ಳು ಹೇಳಲೇಬೇಕು ಎಂದೇನಿಲ್ಲ. ಇಂಗ್ಲೆಂಡಿನ 2006ರ ವಂಚನೆ ಕಾಯ್ದೆ ಮೂರು ದಾರಿಗಳನ್ನು ಹೆಸರಿಸುತ್ತದೆ: ಸುಳ್ಳು ಹೇಳುವುದು, ಕಾನೂನು ಪ್ರಕಾರ ಹೇಳಲೇಬೇಕಾದ್ದನ್ನು ಮುಚ್ಚಿಡುವುದು, ನಂಬಿ ಒಪ್ಪಿಸಿದ ಸ್ಥಾನವನ್ನು ದುರುಪಯೋಗ ಮಾಡಿಕೊಳ್ಳುವುದು. ಅಲ್ಲಿ ನಷ್ಟ ಆಗಿರಲೇಬೇಕು ಎಂದೂ ಇಲ್ಲ; ದುರುದ್ದೇಶ ಸಾಬೀತಾದರೆ ಸಾಕು.

ಹೆಜ್ಜೆ 2: ಯಾವ ಜಾತಿಯ ಮೋಸ ಎಂದು ಗುರುತಿಸಿ

ಹೂಡಿಕೆಯ ಮೋಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಎಂಬಾತ 45 ದಿನಕ್ಕೆ ಶೇ 50ರಷ್ಟು ಲಾಭ ಕೊಡುವುದಾಗಿ ಜನರನ್ನು ನಂಬಿಸಿದ. ಬೇರೆ ದೇಶದಲ್ಲಿ ಅಗ್ಗಕ್ಕೆ ಸಿಗುವ ಅಂಚೆ ಕೂಪನ್ ಕೊಂಡು ಇಲ್ಲಿ ಹೆಚ್ಚಿನ ಬೆಲೆಗೆ ಬದಲಾಯಿಸುತ್ತೇನೆ ಎಂಬ ಕಥೆ ಕೇಳಲು ನಂಬುವಂತೆಯೇ ಇತ್ತು. ನಿಜದಲ್ಲಿ ಅಂಥ ವ್ಯಾಪಾರ ನಡೆದದ್ದು ನಾಮಕಾವಸ್ತೆಗೆ. ಹೊಸಬರು ಕಟ್ಟಿದ ಹಣವನ್ನೇ ಹಳಬರಿಗೆ ಲಾಭವೆಂದು ಹಂಚುತ್ತಿದ್ದ. ಮೊದಲು ಸೇರಿದವರಿಗೆ ಹಣ ನಿಜಕ್ಕೂ ಬಂತು. ಅವರೇ ಪುಕ್ಕಟೆ ಪ್ರಚಾರಕರಾದರು. ‘ನನಗೆ ಬಂದಿದೆ’ ಎಂದು ಪರಿಚಯದವರು ಆಣೆ ಮಾಡಿ ಹೇಳಿದರೂ ಅದು ಪುರಾವೆ ಅಲ್ಲ ಎನ್ನುವುದು ಇದಕ್ಕೇ.

ಅತಿಯಾಸೆಗೆ ಬಿದ್ದವರು ಮಾತ್ರ ಮೋಸ ಹೋಗುತ್ತಾರೆ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಇದೇ ಬಗೆಯ ಮೋಸ ನಡೆಸಿ 2008ರ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದ ಅಮೆರಿಕದ ಹೂಡಿಕೆ ವ್ಯವಹಾರಸ್ಥ ಬರ್ನಾರ್ಡ್ ಮೇಡಾಫ್ ಆಕಾಶ ತೋರಿಸಿದವನಲ್ಲ. ಸಾಧಾರಣ ಲಾಭ, ಆದರೆ ವರ್ಷ ವರ್ಷವೂ ತಪ್ಪದೆ. ದತ್ತಿ ಸಂಸ್ಥೆಗಳೂ ಅವನನ್ನು ನಂಬಿ ಹಣ ಇಟ್ಟಿದ್ದವು. ಮರುವರ್ಷ ಅವನಿಗೆ 150 ವರ್ಷಗಳ ಜೈಲು ಶಿಕ್ಷೆಯಾಯಿತು. ಮಾರುಕಟ್ಟೆ ಬಿದ್ದಾಗಲೂ ಅಲುಗದ ಲಾಭ ಕಂಡರೆ ಲೆಕ್ಕ ಪರಿಶೋಧಿಸುವವರು ಯಾರು, ಹಣ ಯಾರ ಸುಪರ್ದಿಯಲ್ಲಿದೆ ಎಂದು ಕೇಳಿ. ಎರಡಕ್ಕೂ ಉತ್ತರ ‘ನಾವೇ’ ಎಂದು ಬಂದರೆ ದೂರವಿರಿ.

ಇನ್ನೊಂದು ಜಾತಿ ನಕಲಿ ಬಿಲ್‌ನದು. 2013ರಿಂದ 2015ರ ನಡುವೆ ಲಿಥುವೇನಿಯಾದ ಒಬ್ಬಾತ, ತಾನು ಯಂತ್ರಾಂಶ ಪೂರೈಸುವ ಏಷ್ಯಾದ ಕಂಪನಿಯವನೆಂದು ಹೇಳಿಕೊಂಡು, ಗೂಗಲ್ ಮತ್ತು ಫೇಸ್‌ಬುಕ್‌ಗೆ ಬಿಲ್ ಕಳಿಸಿ 10 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಿಸಿಕೊಂಡ. ಅಂಥ ಕಂಪನಿಗಳಿಗೇ ಪಂಗನಾಮ ಬಿದ್ದಿದೆ. ಹಾಗಾಗಿ ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಹಣ ಕಳಿಸುವ ಮೊದಲು ಹಳೆಯ ನಂಬರಿಗೆ ಫೋನ್ ಮಾಡಿ.

ಒಳಗಿನವರ ಮೋಸವೂ ಇದೆ. ಒತ್ತಡ, ಅವಕಾಶ, ‘ಆಮೇಲೆ ವಾಪಸ್ ಇಟ್ಟರಾಯಿತು’ ಎಂಬ ಸಮಾಧಾನ, ಈ ಮೂರೂ ಕೂಡಿದಾಗ ಅದು ಹುಟ್ಟುತ್ತದೆ ಎನ್ನುತ್ತಾರೆ ಅಪರಾಧ ಅಧ್ಯಯನ ಮಾಡುವವರು. ವರ್ಷವಿಡೀ ಒಂದು ರಜೆಯನ್ನೂ ಹಾಕದೆ, ಲೆಕ್ಕದ ಕಡತವನ್ನು ಬೇರೆಯವರಿಗೆ ಮುಟ್ಟಲೂ ಬಿಡದ ಗುಮಾಸ್ತ ಬಲು ನಿಷ್ಠಾವಂತನೇ ಇರಬಹುದು. ಆದರೂ ಒಮ್ಮೆ ಬೇರೆಯವರಿಂದ ಲೆಕ್ಕ ನೋಡಿಸಿ.

ಉಳಿದವು ಬಹುಪಾಲು ವೇಷದ ಆಟ: ಬ್ಯಾಂಕಿನವನಂತೆ, ಪೊಲೀಸನಂತೆ, ಪ್ರೀತಿಸುವವನಂತೆ, ಬಹುಮಾನ ಕೊಡಲು ‘ಮೊದಲು ಶುಲ್ಕ ಕಟ್ಟಿ’ ಎನ್ನುವವನಂತೆ.

ಹೆಜ್ಜೆ 3: ಬೇರೆ ದಾರಿಯಿಂದ ಪರೀಕ್ಷಿಸಿ

ಬಂದ ಸಂದೇಶದಲ್ಲಿರುವ ನಂಬರಿಗೇ ಫೋನ್ ಮಾಡಿ ವಿಚಾರಿಸಿದರೆ ಕಳ್ಳನನ್ನೇ ಸಾಕ್ಷಿಗೆ ಕರೆದಂತೆ. ಬ್ಯಾಂಕ್ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರು ಬಳಸಿ. ವೆಬ್ ವಿಳಾಸವನ್ನು ನೀವೇ ಟೈಪ್ ಮಾಡಿ. ‘ಫೋನ್ ಇಡಬೇಡಿ’, ‘ಯಾರಿಗೂ ಹೇಳಬೇಡಿ’ ಎಂದರೆ ಆ ಕ್ಷಣವೇ ಫೋನ್ ಇಟ್ಟು, ಮನೆಯವರೊಬ್ಬರಿಗೆ ಹೇಳಿ. ಒಟಿಪಿ, ಪಾಸ್‌ವರ್ಡ್ ಕೇಳಿದವರು ಯಾರೇ ಇರಲಿ, ಕೊಡಬೇಡಿ.

ಹೆಜ್ಜೆ 4: ಕೊಟ್ಟಾಗಿದ್ದರೆ

ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯಲು ಸಾಧ್ಯವಾಗಬಹುದು. ಆಮೇಲೆ ಪೊಲೀಸರಿಗೆ ದೂರು. ನಾಚಿಕೆಯಿಂದ ಸಂದೇಶಗಳನ್ನು ಅಳಿಸಿಹಾಕುವವರಿದ್ದಾರೆ. ಸಾಕ್ಷಿಯೆಂದು ಉಳಿಯುವುದು ಅವೇ, ಹಾಗೆಯೇ ಇಟ್ಟುಕೊಳ್ಳಿ. ಬಿಟ್ಟುಕೊಟ್ಟ ಪಾಸ್‌ವರ್ಡನ್ನು ಎಲ್ಲೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಬದಲಿಸಿ. ಕೆಲವು ವಾರಗಳ ನಂತರ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕವಾಗುತ್ತದೆ’ ಎಂಬ ಕರೆ ಬರಬಹುದು. ಮೋಸ ಹೋದವರ ಪಟ್ಟಿ ವಂಚಕರ ನಡುವೆ ಮಾರಾಟವಾಗುತ್ತದೆ. ಆ ಕರೆಯೂ ಅಲ್ಲಿಂದಲೇ ಬಂದಿರಬಹುದು.