ಲೋ ಬಾನೆಟ್ ಜೀಪು: ಬಣ್ಣ ಆಮೇಲೆ, ಬ್ರೇಕು ಮೊದಲು

ಎರಡನೇ ಮಹಾಯುದ್ಧದ, ಬಾನೆಟ್ ತಗ್ಗಾಗಿರುವ ಈ ಗಾಡಿಯ ಹೆಸರು ಅಮೆರಿಕ ಸೇನೆಯ ಕಡತದಲ್ಲಿ ಜೀಪ್ ಅಲ್ಲ. ‘ಟ್ರಕ್, ಕಾಲು ಟನ್, 4×4’. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಇಂಥ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕಟ್ಟಿದವು. ವಿಲ್ಲಿಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ವಿಲ್ಲಿಸ್ ಜೀಪುಗಳನ್ನು ಇಲ್ಲೇ ಜೋಡಿಸಲು ಶುರು ಮಾಡಿದ್ದರಿಂದ ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಈ ತಳಿ ಹೊಸದಲ್ಲ, ಬಿಡಿಭಾಗಕ್ಕೂ ಅಷ್ಟೊಂದು ಬರವಿಲ್ಲ.

ಆದರೆ ‘ಲೋ ಬಾನೆಟ್’ ಎಂದು ಮಾರುವುದೆಲ್ಲ ಯುದ್ಧಕಾಲದ್ದಲ್ಲ. ದುಡ್ಡು ಎಣಿಸುವ ಮೊದಲು ಮೂತಿ ನೋಡಿ. ಎಂಬಿ ಗ್ರಿಲ್‌ನಲ್ಲಿ ಒಂಬತ್ತು ಸೀಳು, ನಂತರದ ಸಿವಿಲ್ ಜೀಪಿನಲ್ಲಿ ಏಳು. ಎಂಬಿಗೆ ಹಿಂದೆ ತೆರೆಯುವ ಬಾಗಿಲಿಲ್ಲ. ರೇಡಿಯೇಟರ್ ಕೆಳಗಿನ ಚಾಸಿಸ್ ಅಡ್ಡಪಟ್ಟಿ ದುಂಡನೆಯ ಪೈಪಾದರೆ ವಿಲ್ಲಿಸ್, ಬೋರಲು ಹಾಕಿದ ಕಾಲುವೆಯಂತಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟ್‌ಗಳ ತಲೆಯ ಮೇಲೂ ‘ಎಫ್’ ಒತ್ತಿಸಿತ್ತು. ಒಂದು ಬ್ರ್ಯಾಕೆಟ್‌ನ ಮಣ್ಣು ಕೆರೆದರೆ ಸಾಕು, ಗುಟ್ಟು ರಟ್ಟಾಗುತ್ತದೆ.

ಕಾಗದದ ಮಾತು ಚಿಕ್ಕದು. ವಿಂಟೇಜ್ ವಾಹನಗಳಿಗೆ 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ಪ್ರತ್ಯೇಕ ಸರಣಿಯಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಇರಕೂಡದು ಎಂಬುದು ಷರತ್ತು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಗಾಡಿ ಕೊಳ್ಳುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಬ್ರೇಕ್

ಹೊಸದಾಗಿ ಜೀಪು ತಂದವರು ಸಾಮಾನ್ಯವಾಗಿ ಮೊದಲು ಎಂಜಿನ್‌ಗೆ ಕೈ ಹಾಕುತ್ತಾರೆ, ಇಲ್ಲವೇ ಆಲಿವ್ ಹಸಿರು ಬಣ್ಣ ಹುಡುಕುತ್ತಾರೆ. ಎರಡೂ ತಪ್ಪು. ಈ ಗಾಡಿಯ ಬ್ರೇಕಿಗೆ ಇರುವುದು ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ನಾಲ್ಕು ಚಕ್ರಗಳಲ್ಲಿ ಯಾವುದಾದರೂ ಒಂದರ ಸಿಲಿಂಡರ್ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ.

ಚಕ್ರಗಳಿಗೆ ಅಡೆ ಕೊಟ್ಟು, ಜಾಕಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ನಟ್ಟು ಬಿಚ್ಚುವಾಗ ಒಂದು ಎಚ್ಚರ: ಎಡಗಡೆಯ ಎರಡು ಚಕ್ರಗಳ ನಟ್ಟಿಗೆ ಎಡಮರೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜಗ್ಗಿದವರಿಂದ ಮುರಿದ ಸ್ಟಡ್‌ಗಳು ಲೆಕ್ಕವಿಲ್ಲದಷ್ಟು. ರಿಮ್ ಎರಡು ತುಂಡು ಸೇರಿಸಿ ಬೋಲ್ಟ್ ಹಾಕಿದ ಸೇನಾ ಮಾದರಿಯದಾದರೆ, ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಹೋಗುವವರೆಗೆ ಆ ಬೋಲ್ಟ್‌ಗಳನ್ನು ಮುಟ್ಟಲೇಬಾರದು. ಗಾಳಿ ಇದ್ದಾಗ ಬಿಚ್ಚಿದರೆ ರಿಮ್ ಗುಂಡಿನಂತೆ ಸಿಡಿಯುತ್ತದೆ.

ಬ್ರೇಕ್ ಡ್ರಮ್ ಇಲ್ಲಿ ಚಕ್ರದ ನಡುವಿನ ಹಬ್‌ಗೇ ಕೂಡಿಕೊಂಡಿದೆ. ಹಿಂದಿನ ಚಕ್ರದಲ್ಲಿ ಆಕ್ಸಲ್ ಫ್ಲಾಂಜಿನ ಆರು ಬೋಲ್ಟ್ ತೆಗೆದು ಶಾಫ್ಟ್ ಎಳೆದರೆ ಒಳಗೆ ಎರಡು ದೊಡ್ಡ ನಟ್ಟು, ನಡುವೆ ಅಂಚು ಮಡಚಿದ ಲಾಕ್ ವಾಷರ್. ಇವಕ್ಕೆ ಸರಿಯಾದ ಬಾಕ್ಸ್ ಸ್ಪ್ಯಾನರ್ ಕೊಳ್ಳಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಮೂಲೆ ಸವೆಸಿದ ನಟ್ಟು ಕಂಡರೆ ಹಿಂದಿನ ಮಾಲೀಕರ ಚರಿತ್ರೆ ಅರ್ಥವಾದಂತೆ.

ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿ. ಒಳಗೆ ತೇವವಿದ್ದರೆ ಸೋರಿಕೆ ಶುರುವಾಗಿದೆ. ಬೋರ್ (ಸಿಲಿಂಡರಿನ ಒಳಕೊಳವೆ) ನುಣುಪಾಗಿದ್ದರೆ ರಬ್ಬರ್ ಕಿಟ್ ಸಾಕು, ತುಕ್ಕಿನ ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಿ. ಮುಂದಿನದರ ಬೋರ್ 1 ಇಂಚು, ಹಿಂದಿನದು ಮುಕ್ಕಾಲು ಇಂಚು. ಅಂಗಡಿಯಲ್ಲಿ ಸಿಕ್ಕಿತೆಂದು ನಾಲ್ಕಕ್ಕೂ ಒಂದೇ ಅಳತೆ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ, ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡ ತಿರುಗುತ್ತದೆ. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ. ಒಳಗೆ ಊದಿಕೊಂಡ ಹೋಸ್ ಆಯಿಲನ್ನು ಹೋಗಲು ಬಿಡುತ್ತದೆ, ಹಿಂದೆ ಬರಲು ಬಿಡುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ.

ಬ್ರೇಕ್ ಹಿಡಿದುಕೊಳ್ಳಲು ಇನ್ನೊಂದು ಕಾರಣ ಪೆಡಲಿನಲ್ಲೇ ಇದೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಸೂಜಿಮೊನೆಯಷ್ಟು ಸಣ್ಣ ತೂತು. ಪೆಡಲ್ ಬಿಟ್ಟಾಗ ಆಯಿಲ್ ಟ್ಯಾಂಕಿಗೆ ಮರಳುವುದು ಅದರ ಮೂಲಕವೇ. ಪೆಡಲಿಗೆ ಅರ್ಧ ಇಂಚು ಫ್ರೀ ಪ್ಲೇ (ಖಾಲಿ ಓಡಾಟ) ಕೊಡದಿದ್ದರೆ ಪಿಸ್ಟನ್ ರಬ್ಬರ್ ಆ ತೂತಿನ ಮೇಲೇ ಕೂತಿರುತ್ತದೆ. ಒಂದೆರಡು ಕಿಲೋಮೀಟರ್ ಚೆನ್ನಾಗಿ ಓಡಿ, ಆಮೇಲೆ ನಾಲ್ಕೂ ಚಕ್ರ ಬಿಗಿಯಾಗುವ ಗಾಡಿಯ ರೋಗ ಬಹುಪಾಲು ಇದೇ. ತೂತು ಕಟ್ಟಿದ್ದರೆ ತೆಳು ತಾಮ್ರದ ಎಳೆಯಿಂದ ಬಿಡಿಸಿ, ಕೊರೆದು ದೊಡ್ಡದು ಮಾಡಬೇಡಿ.

ಡಾಟ್ 3 ಅಥವಾ 4 ದರ್ಜೆಯ ಬ್ರೇಕ್ ಆಯಿಲನ್ನೇ ಹಾಕಿ. ಎಂಜಿನ್ ಆಯಿಲ್ ಒಂದು ಚಮಚ ಬೆರೆತರೂ ರಬ್ಬರ್ ಎಲ್ಲ ಉಬ್ಬಿ ಕೆಟ್ಟಂತೆ. ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ: ಸ್ಟೀರಿಂಗ್ ಎಡಕ್ಕಿರುವ ಮೂಲ ಗಾಡಿಯಲ್ಲಿ ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಕೊನೆಗೆ ಎಡ ಮುಂದೆ.

ಹಬ್ ಹೇಗೂ ಹೊರಗೆ ಬಂದಿದೆ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ. ಕೂರಿಸುವಾಗ ಚಕ್ರ ತಿರುಗಿಸುತ್ತಾ ಒಳನಟ್ಟನ್ನು ಚಕ್ರ ಹಿಡಿಯುವವರೆಗೆ ಬಿಗಿಮಾಡಿ, ನಂತರ ಸುತ್ತಿನ ಆರನೇ ಒಂದರಷ್ಟು ಸಡಿಲಿಸಿ. ಲಾಕ್ ವಾಷರ್ ಪ್ರತಿ ಸಲವೂ ಹೊಸದು.

ಸ್ಟೀರಿಂಗ್ ನಡುಕ

ಗುಂಡಿ ಹಾರಿದ ಮೇಲೆ ಮುಂದಿನ ಚಕ್ರಗಳು ಥರಥರ ನಡುಗಿ ಸ್ಟೀರಿಂಗ್ ಕೈಗೆ ಹೊಡೆಯತೊಡಗಿದರೆ ಸ್ಟೀರಿಂಗ್ ಬಾಕ್ಸನ್ನು ಬೈಯಬೇಡಿ. ಒಬ್ಬರು ಸ್ಟೀರಿಂಗ್ ಚಕ್ರವನ್ನು ಎರಡು ಬೆರಳಷ್ಟು ಆಚೆ ಈಚೆ ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ನೋಡಲಿ. ಮುಂಭಾಗದ ನಡುವೆ ಬೆಲ್‌ಕ್ರ್ಯಾಂಕ್ ಇದೆ, ಬಾಕ್ಸಿನ ಎಳೆತವನ್ನು ಎರಡೂ ಚಕ್ರಕ್ಕೆ ಹಂಚುವ ತುಂಡು ಇದು. ಅದರ ಪಿನ್ನು, ಬುಷ್ ಸವೆದಿರುವುದೇ ಹೆಚ್ಚು. ಆಮೇಲೆ ಎಳೆತ ಸಾಗಿಸುವ ಡ್ರ್ಯಾಗ್ ಲಿಂಕ್, ಟೈರಾಡ್ ಎಂಡ್, ಚಕ್ರ ಹೊರಳುವ ಕೀಲಿನ ಕಿಂಗ್‌ಪಿನ್ ಬೇರಿಂಗ್. ಕಿಂಗ್‌ಪಿನ್ ಪ್ಲೇ ತೆಗೆಯಲು ಶಿಮ್ (ತೆಳು ಲೋಹದ ಹಾಳೆ) ಕಡಿಮೆ ಮಾಡುವಾಗ ಮೇಲೆ ಎಷ್ಟೋ ಕೆಳಗೂ ಅಷ್ಟೇ ತೆಗೆಯಬೇಕು, ಇಲ್ಲವಾದರೆ ಒಳಗಿನ ಶಾಫ್ಟ್ ನಡುವಿನಿಂದ ಸರಿದುಬಿಡುತ್ತದೆ. ಬಾಕ್ಸಿನ ಸ್ಕ್ರೂ ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ. ಬೇರೆಡೆಯ ಸಡಿಲವನ್ನು ಅಲ್ಲಿ ಬಿಗಿದು ಮುಚ್ಚಿದರೆ ಬಾಕ್ಸೂ ಸವೆಯುತ್ತದೆ.

ಎಂಜಿನ್

2,199 ಸಿಸಿ, ನಾಲ್ಕು ಸಿಲಿಂಡರ್, ವಾಲ್ವ್‌ಗಳು ಹೆಡ್‌ನಲ್ಲಿಲ್ಲ, ಬ್ಲಾಕಿನ ಪಕ್ಕದಲ್ಲಿ. ಒರಟು ಜೀವ, ಅಳತೆ ಸರಿಯಿದ್ದರೆ ಕೆಡುವುದು ಕಡಿಮೆ. ಸಂದಿ ಅಳೆಯುವ ಫೀಲರ್ ಗೇಜ್‌ನಲ್ಲಿ ನೆನಪಿಡಬೇಕಾದ್ದು ಮೂರೇ: ಟ್ಯಾಪೆಟ್ (ವಾಲ್ವ್ ಎತ್ತುವ ತುಂಡು) ತಣ್ಣಗಿರುವಾಗ 0.014 ಇಂಚು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ 0.020, ಪ್ಲಗ್ 0.030. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2.

ಟ್ಯಾಪೆಟ್ ಸದ್ದು ಮಾಡುತ್ತದೆಂದು ಬಿಗಿ ಮಾಡುವವರೇ ಹೆಚ್ಚು. ಟಕಟಕ ಅನ್ನುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ್ದು ಅಪಾಯ. ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಟ್ಟುಹೋಗುತ್ತದೆ, ಆ ಸಿಲಿಂಡರಿನ ಕಂಪ್ರೆಷನ್ ಬಿದ್ದುಹೋಗುತ್ತದೆ. ಹೆಡ್ ಗ್ಯಾಸ್ಕೆಟ್ ಹಾಕಿದಾಗ ಬೋಲ್ಟನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಎಂಜಿನ್ ಬಿಸಿಯಿದ್ದು ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ 10 ಪಿಎಸ್‌ಐಗಿಂತ ಕೆಳಗಿಳಿದರೆ ಮೊದಲು ಬೇರೊಂದು ಗೇಜ್ ಹಾಕಿ ನೋಡಿ, ಆಮೇಲೆ ಬೇರಿಂಗ್ ಮಾತು. ಹಿಂಬದಿಯಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಅಲ್ಲಿರುವುದು ಹಗ್ಗದ ಸೀಲ್. ಒಂದಿಷ್ಟು ತೊಟ್ಟಿಕ್ಕುವುದು ಇದರ ಹಣೆಬರಹ. ಜೋರಾದರೆ ಮಾತ್ರ ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ದಾರಿ ಕಟ್ಟಿದೆಯೇ ನೋಡಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಹಳೆಯ ಪಂಪಿನ ಡಯಾಫ್ರಾಮ್, ಹೋಸ್ ಅದಕ್ಕೆ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಕಿಟ್ ಕೇಳಿ ತನ್ನಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕಿನಿಂದ ಬರುವ ಪೆಟ್ರೋಲನ್ನು ನಿಲ್ಲಿಸುವ ಬಿರಡೆ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಿ. ಬಿರಡೆ ಇಲ್ಲದಿದ್ದರೆ ಹಾಕಿಸಿಕೊಳ್ಳಿ.

ಸೆಲ್ಫ್ ಹೊಡೆದಾಗ ‘ಉಂಯ್… ಉಂಯ್’ ಎಂದು ಒದ್ದಾಡಿದರೆ ತಕ್ಷಣ 12 ವೋಲ್ಟ್‌ಗೆ ಬದಲಿಸಲು ಓಡಬೇಡಿ. ಮೂಲ ವೈರಿಂಗ್ 6 ವೋಲ್ಟ್. ಅಷ್ಟೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯಬೇಕು. ಅಂಗಡಿಯ ತೆಳು ಕಾರ್ ಕೇಬಲ್ ಅದನ್ನು ತಡೆಯಲಾರದು. ಸುಮಾರು 50 ಚದರ ಮಿಲಿಮೀಟರ್ ದಪ್ಪದ ಕೇಬಲ್ ಹಾಕಿ, ಎಂಜಿನ್‌ನಿಂದ ಚಾಸಿಸ್‌ಗೆ ಬರುವ ಅರ್ತ್ ಪಟ್ಟಿಯ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ.

ಆಯಿಲ್

ಎಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 4.7 ಲೀಟರ್. ಗೇರ್‌ಬಾಕ್ಸಿಗೆ 0.7, ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ 1.4, ಮುಂದಿನ ಹಿಂದಿನ ಡಿಫರೆನ್ಷಿಯಲ್‌ಗೆ ತಲಾ 1.2 ಲೀಟರ್, ಎಲ್ಲವೂ 90 ನಂಬರ್ ಗೇರ್ ಆಯಿಲ್. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯೇ ಇರಲಿ. ಜಿಎಲ್-5ರಲ್ಲಿರುವ ಗಂಧಕದ ರಾಸಾಯನಿಕ ಒಳಗಿನ ಹಿತ್ತಾಳೆಯಂಥ ರಿಂಗುಗಳನ್ನು ತಿನ್ನಬಹುದು.

ಲೆವೆಲ್ ನೋಡುವಾಗ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡರ ಬಿರಡೆಯನ್ನೂ ಒಟ್ಟಿಗೆ ಬಿಚ್ಚಿ. ಎರಡಕ್ಕೂ ನಡುವಿನ ಸೀಲ್ ಸವೆದರೆ ಆಯಿಲ್ ಒಂದರಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಸರಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಬಿರಡೆಯಿಂದ ಆಯಿಲ್ ಉಕ್ಕಿದರೆ ಖುಷಿಪಡಬೇಡಿ, ಗೇರ್‌ಬಾಕ್ಸ್ ಒಣಗುತ್ತಿದೆ ಎಂದರ್ಥ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಸೀಲ್ ಬದಲಿಸುವವರೆಗೆ ವಾರಕ್ಕೊಮ್ಮೆ ಹೆಚ್ಚಾದದ್ದನ್ನು ತೆಗೆದು, ಗೇರ್‌ಬಾಕ್ಸಿಗೆ ಹೊಸದನ್ನು ಅಷ್ಟೇ ಸುರಿಯಬೇಕು.